ಹಳೆಯ ಡಿಸ್ಕ್ ಪ್ಲೇಯರ್: ಅಟ್ಟಕ್ಕೇರಿಸುವ ಮುನ್ನ

ಹೊಸ ವಸ್ತು ಮನೆಗೆ ಬಂದೊಡನೆ ಹಳೆಯದನ್ನು ಅಟ್ಟಕ್ಕೇರಿಸುವುದು ನಮ್ಮಲ್ಲಿ ವಾಡಿಕೆ. ಹೀಗೆ ಅಟ್ಟ ಸೇರಿದ ವಸ್ತುಗಳಲ್ಲಿ ಡಿಸ್ಕ್ ಪ್ಲೇಯರ್ ಕೂಡ ಒಂದು. ಒಂದು ಕಾಲದಲ್ಲಿ ಹಲವು ತಿಂಗಳ ಸಂಬಳ ಕೂಡಿಟ್ಟು ಕೊಂಡ ಈ ಭಾರವಾದ ಪೆಟ್ಟಿಗೆಯನ್ನು ನಾವು ಕೇವಲ ಎರಡು ಗುಂಡಿಗಳಿಂದ ನಡೆಸಿದೆವು: ಒಂದು ಹಾಡಿಸುವುದಕ್ಕೆ, ಇನ್ನೊಂದು ನಿಲ್ಲಿಸುವುದಕ್ಕೆ. ಉಳಿದ ಸೌಲಭ್ಯಗಳು ಮುಟ್ಟದೆಯೇ ಉಳಿದವು. ಅವುಗಳಲ್ಲಿ ಹಲವನ್ನು ಇಂದಿಗೂ ಬಳಸಿಕೊಳ್ಳಬಹುದು.

ಗೋವೆಯ ವಾಸ್ಕೋ ಡ ಗಾಮಾ ಪಟ್ಟಣದ ಮಂಗೋರ್ ಹಿಲ್‌ನಂಥ ಬಡಾವಣೆಯನ್ನು ನೆನೆಯಿರಿ. ಸಮೀಪದಲ್ಲೇ ಮರ್ಮಗೋವಾ ಬಂದರು; ಸುತ್ತಮುತ್ತ ಕರ್ನಾಟಕದಿಂದ ಬಂದು ನೆಲೆಸಿದ ಸಂಸಾರಗಳು. ಬಂದರು ಪಟ್ಟಣದ ಮನೆಗಳಿಗೆ ಹಡಗಿನಲ್ಲಿ ದುಡಿಯುವವರು, ಗಲ್ಫ್ ದೇಶಗಳಿಗೆ ಹೋಗಿ ಬಂದವರು ಒಳ್ಳೆಯ ಯಂತ್ರಗಳನ್ನು ತರುವುದು ಹೊಸತೇನಲ್ಲ. ಇಂಥ ಯಂತ್ರ ನಿಮ್ಮಲ್ಲೂ ಇದ್ದರೆ ಮುಂದಿನ ಮಾತುಗಳು ಉಪಯೋಗಕ್ಕೆ ಬಂದಾವು.

ಮೊದಲು ಹಿಂಬದಿ ನೋಡಿ

ಅಟ್ಟದಿಂದ ಇಳಿಸಿದ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. ಹಿಂಬದಿಯ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ. ನಮ್ಮ ದೇಶದ ವಿದ್ಯುತ್ 230 ವೋಲ್ಟ್; ಜಪಾನಿನದು 100, ಅಮೆರಿಕದ್ದು 120. ಜಪಾನಿನ ಪೇಟೆಗೆಂದೇ ಮಾಡಿದ ಯಂತ್ರವನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋದೀತು. ಅದಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಮನೆಯ ಟಿ.ವಿ.ಗೆ ಹಾಕುವ ಸ್ಟೆಬಿಲೈಜರ್ ಆ ಕೆಲಸ ಮಾಡುವುದಿಲ್ಲ.

ಸಿ.ಡಿ.ಯ ಭಾಷೆ ಬದಲಾಗಿಲ್ಲ

ಸೋನಿ ಸಂಸ್ಥೆಯ ಮೊದಲ ಸಿ.ಡಿ. ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿಯನ್ನು 16 ಬಿಟ್ ಅಂಕಿಗಳಲ್ಲಿ ಬರೆದಿಡುವ ಕ್ರಮ ಅಂದಿನಿಂದ ಹಾಗೆಯೇ ಇದೆ. ಆದ್ದರಿಂದ ಹಳೆಯ ಪ್ಲೇಯರ್ ಸುಸ್ಥಿತಿಯಲ್ಲಿದ್ದರೆ ಅದು ಡಿಸ್ಕಿನಿಂದ ಓದುವ ಅಂಕಿಗಳು ಇಂದಿನ ಯಂತ್ರ ಓದುವ ಅಂಕಿಗಳೇ. ಆ ಅಂಕಿಗಳನ್ನು ಮತ್ತೆ ನಾದವಾಗಿಸುವ ಭಾಗ ಮಾತ್ರ ಕಾಲಕ್ರಮದಲ್ಲಿ ಸುಧಾರಿಸಿದೆ.

ಇದರ ಲಾಭ ಪಡೆಯಲು ಯಂತ್ರದ ಹಿಂಬದಿಯಲ್ಲಿ 'ಡಿಜಿಟಲ್ ಔಟ್' ಇದೆಯೇ ನೋಡಿ. ಒಂದು ಚಿಕ್ಕ ಚೌಕ ಬಾಗಿಲಿನೊಳಗೆ ಕೆಂಪು ಬೆಳಕು ಕಂಡರೆ ಅದು ಆಪ್ಟಿಕಲ್. ದುಂಡಗಿನ ರಂಧ್ರವಾದರೆ ಕೋಆಕ್ಸಿಯಲ್. ಅಲ್ಲಿಂದ ಒಂದು ತಂತಿ ಎಳೆದು 'ಡ್ಯಾಕ್' ಎಂಬ ಪುಟ್ಟ ಪೆಟ್ಟಿಗೆಗೋ, ಈಗಿನ ಆಂಪ್ಲಿಫೈಯರಿಗೋ ಕೊಟ್ಟರೆ ಹಳೆಯ ಯಂತ್ರಕ್ಕೆ ಹೊಸ ಕಂಠ ಬಂದಂತೆ.

ಧ್ವನಿ ಹೊರಡದಿದ್ದರೆ ಗಾಬರಿ ಬೇಡ. ಡಿ.ವಿ.ಡಿ. ಪ್ಲೇಯರುಗಳ ಸೆಟಪ್ ಪಟ್ಟಿಯಲ್ಲಿ 'ಬಿಟ್‌ಸ್ಟ್ರೀಮ್', 'ಪಿ.ಸಿ.ಎಂ.' ಎಂಬ ಎರಡು ಆಯ್ಕೆಗಳಿರುತ್ತವೆ. ಡಾಲ್ಬಿ ಧ್ವನಿಯನ್ನು ಬಿಡಿಸಲಾರದ ಪೆಟ್ಟಿಗೆಗೆ ಜೋಡಿಸುವಾಗ 'ಪಿ.ಸಿ.ಎಂ.' ಆರಿಸಬೇಕು. ಇನ್ನೊಂದು ಮಾತು: ದುಬಾರಿ ಪ್ಲೇಯರುಗಳು ಓದುವ ಎಸ್.ಎ.ಸಿ.ಡಿ. ಎಂಬ ಡಿಸ್ಕಿನ ಉತ್ತಮ ಧ್ವನಿ ಈ ದಾರಿಯಲ್ಲಿ ಹೊರಬರುವುದಿಲ್ಲ. ಅದಕ್ಕೆ ಮಾಮೂಲಿ ಕೆಂಪು-ಬಿಳಿ ತಂತಿಯನ್ನೇ ಬಳಸಿ. ಹೊಸ ಕಾಲದ ಯಂತ್ರವಾದರೆ ಎಚ್.ಡಿ.ಎಂ.ಐ. ಕೂಡ ಆದೀತು.

ರಿಮೋಟಿನಲ್ಲಿ ಅಡಗಿರುವುದು

'ಎ-ಬಿ ರಿಪೀಟ್' ಎಂಬ ಗುಂಡಿಯನ್ನು ಎಷ್ಟು ಮಂದಿ ಒತ್ತಿದ್ದೇವೆ? ಹಾಡಿನ ಸಾಲು ಆರಂಭವಾಗುವಾಗ ಒಮ್ಮೆ, ಮುಗಿಯುವಾಗ ಇನ್ನೊಮ್ಮೆ ಒತ್ತಿದರೆ ಆ ಸಾಲಷ್ಟೇ ಪುನಃ ಪುನಃ ಬರುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ, ಸ್ತೋತ್ರ ಬಾಯಿಪಾಠ ಮಾಡುವ ಅಜ್ಜಿಗೆ ಇದಕ್ಕಿಂತ ತಾಳ್ಮೆಯ ಗುರು ಸಿಗಲಾರ. 'ಪ್ರೋಗ್ರಾಂ' ಗುಂಡಿಯಿಂದ ಬೇಕಾದ ಹಾಡುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿಡಬಹುದು. ಹೊಸ ಟಿ.ವಿ.ಯಲ್ಲಿ ಮನುಷ್ಯರೆಲ್ಲ ದಪ್ಪಗೆ ಕಾಣಿಸಿದರೆ, ಪರದೆಯ ಆಕಾರವನ್ನು '4:3'ರಿಂದ '16:9'ಕ್ಕೆ ಬದಲಾಯಿಸಿ ನೋಡಿ.

ಬೇರೆ ದೇಶದ ಡಿಸ್ಕ್

ಅಮೆರಿಕದಲ್ಲಿರುವ ಮಗಳು ಕಳಿಸಿದ ಡಿ.ವಿ.ಡಿ. ಇಲ್ಲಿ ಓಡದಿದ್ದರೆ ಅದು ಹಾಳಾಗಿದೆ ಎಂದು ತಿಳಿಯಬೇಡಿ. ಸಿನಿಮಾ ಸಂಸ್ಥೆಗಳು ಜಗತ್ತನ್ನು ವಲಯಗಳಾಗಿ ಹಂಚಿಕೊಂಡಿವೆ: ಅಮೆರಿಕಕ್ಕೆ 1, ಜಪಾನ್, ಯೂರೋಪ್ ಹಾಗೂ ಗಲ್ಫ್ ದೇಶಗಳಿಗೆ 2, ಭಾರತಕ್ಕೆ 5. ಬ್ಲೂ-ರೇ ಡಿಸ್ಕಿಗೆ ಎ, ಬಿ, ಸಿ ಎಂಬ ವಿಭಾಗ, ನಮ್ಮದು ಸಿ. ಎಷ್ಟೋ ಡಿ.ವಿ.ಡಿ. ಪ್ಲೇಯರುಗಳನ್ನು ರಿಮೋಟಿನಿಂದಲೇ ಎಲ್ಲ ವಲಯಗಳಿಗೆ ತೆರೆಯಬಹುದು. ಕ್ರಮ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ನಿಮ್ಮ ಯಂತ್ರದ ಮಾದರಿ ಸಂಖ್ಯೆ ಹೇಳಿ ಬಲ್ಲವರಲ್ಲಿ ಕೇಳಿ.

ಬ್ಲೂ-ರೇ ಕಾಲದ ಪ್ಲೇಯರುಗಳಲ್ಲಿ 'ಫರ್ಮ್‌ವೇರ್' ಎಂಬ ಒಳಗಿನ ಆದೇಶಪಟ್ಟಿಯನ್ನು ಪೆನ್‌ಡ್ರೈವ್ ಮೂಲಕ ಹೊಸದಾಗಿಸಬಹುದು. ಇದರಿಂದ ಮೊದಲು ಓದದಿದ್ದ ಡಿಸ್ಕುಗಳನ್ನು ಯಂತ್ರ ಓದುವುದುಂಟು. ಆದರೆ ಈ ಕೆಲಸದ ನಡುವೆ ಕರೆಂಟ್ ಹೋದರೆ ಯಂತ್ರ ಏಳದೇ ಇರಬಹುದು. ಗುಡುಗು ಮಳೆಯ ದಿನ ಕೈಹಾಕಬೇಡಿ. ಇಂಟರ್ನೆಟ್ಟಿನ ಸಿನಿಮಾ ಸೇವೆಗಳು ಹಳೆಯ ಯಂತ್ರಗಳಲ್ಲಿ ನಿಂತುಹೋಗಿದ್ದರೂ ಪೆನ್‌ಡ್ರೈವಿನಲ್ಲಿರುವ ಹಾಡು, ಚಿತ್ರಗಳನ್ನು ಅವು ತೋರಿಸುತ್ತಲೇ ಇರುತ್ತವೆ.

ಆರೈಕೆ

ಕಡಲ ಗಾಳಿಯ ಉಪ್ಪು ಮತ್ತು ತೇವ ಯಂತ್ರದ ಶತ್ರುಗಳು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ನಡೆಸಿ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಹಾಕಿ ಉಜ್ಜಬೇಡಿ. ಮುಚ್ಚಳ ತೆರೆದು ಓಡಿಸಿ ನೋಡುವ ಸಾಹಸ ಬೇಡವೇ ಬೇಡ. ಒಳಗಿನ ಲೇಸರ್ ಕಿರಣ ಕಣ್ಣಿಗೆ ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು. ಟ್ರೇ ಹೊರಬರದಿದ್ದರೆ ಅನೇಕ ವೇಳೆ ಸಡಿಲಾದ ರಬ್ಬರ್ ಬೆಲ್ಟ್ ಕಾರಣವಾಗಿರುತ್ತದೆ. ರಿಪೇರಿಯವರಿಗೆ ಅದು ದೊಡ್ಡ ಕೆಲಸವಲ್ಲ.

ಕಪಾಟಿನ ಡಿಸ್ಕುಗಳು

ಇಷ್ಟೆಲ್ಲ ಏಕೆ, ಮೊಬೈಲಿನಲ್ಲೇ ಎಲ್ಲ ಸಿಗುತ್ತದಲ್ಲ ಎಂದು ಮಕ್ಕಳು ಕೇಳಿಯಾರು. ಪೇಟೆಯ ಹಾಡು ಸಿಗುತ್ತದೆ. ಆದರೆ ಅತ್ತೆಯ ಷಷ್ಟ್ಯಬ್ದಿಯ ವಿ.ಸಿ.ಡಿ., ತಮ್ಮನ ಮದುವೆಯ ಡಿ.ವಿ.ಡಿ., ತೀರಿಕೊಂಡ ಅಜ್ಜ ಮೊಮ್ಮಕ್ಕಳಿಗೆ ಕಥೆ ಹೇಳಿದ ಸಿ.ಡಿ. ನಮ್ಮ ಕಪಾಟಿನಲ್ಲಿ ಮಾತ್ರ ಇವೆ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಇಂಥ ಡಿಸ್ಕುಗಳಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಅದು ಮಾಸುತ್ತದೆ. ಓದುವ ಯಂತ್ರಗಳೂ ಕಡಿಮೆಯಾಗುತ್ತಿವೆ. ಉತ್ತಮ ಪ್ಲೇಯರುಗಳಿಗೆ ಹೆಸರಾಗಿದ್ದ ಒಪ್ಪೊ ಡಿಜಿಟಲ್ ಸಂಸ್ಥೆ ಹೊಸ ಪ್ಲೇಯರುಗಳನ್ನು ತರುವುದಿಲ್ಲವೆಂದು 2018ರಲ್ಲೇ ಪ್ರಕಟಿಸಿತು.

ಆದ್ದರಿಂದ ಯಂತ್ರ ಸರಿಹೋದ ಕೂಡಲೇ ಮನೆಯ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಹಾಕಿ ಪರೀಕ್ಷಿಸಿ. ಕೆಲವು ಪ್ಲೇಯರುಗಳು ಸಿ.ಡಿ.ಯ ಧ್ವನಿಯನ್ನು ನೇರ ಪೆನ್‌ಡ್ರೈವಿಗೆ ಇಳಿಸಿಕೊಡುತ್ತವೆ. ಇಲ್ಲವಾದರೆ ಕಂಪ್ಯೂಟರ್ ಬಲ್ಲ ಮಕ್ಕಳ ನೆರವು ಪಡೆಯಿರಿ. ಎರಡು ಪ್ರತಿ ಮಾಡಿಸಿ, ಒಂದನ್ನು ನಿಮ್ಮಲ್ಲಿಟ್ಟುಕೊಂಡು ಇನ್ನೊಂದನ್ನು ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಕಳುಹಿಸಿ. ಡಿಸ್ಕಿನ ಕವರಿನ ಮೇಲೆ ಯಾರ ಧ್ವನಿ, ಯಾವ ವರ್ಷ ಎಂದು ಬರೆದಿಡಲು ಮರೆಯಬೇಡಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅದನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.