ಎಲೆಯೊಳಗೆ ನೆಲೆನಿಂತ ಬ್ಯಾಕ್ಟೀರಿಯಾ

ಮಸಾಲೆಪುಡಿಗೆ ಹುರಿದು ಹಾಕುವ ಕಲ್ಲುಹೂವು ಹೂವಲ್ಲ, ಒಂಟಿ ಜೀವಿಯೂ ಅಲ್ಲ. ಶಿಲೀಂಧ್ರದ ಎಳೆಗಳ ನಡುವೆ ಹಸಿರು ಪಾಚಿಯ ಕೋಶಗಳು ಸೇರಿಕೊಂಡು ನಡೆಸುವ ಕೂಡುಬಾಳ್ವೆ ಅದು. ಪಾಚಿ ಬಿಸಿಲು ಹಿಡಿದು ಸಕ್ಕರೆ ಮಾಡುತ್ತದೆ. ಶಿಲೀಂಧ್ರ ಅದಕ್ಕೆ ಆಸರೆ ಕೊಟ್ಟು ಪಾಲು ಪಡೆಯುತ್ತದೆ. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸಿಮೋನ್ ಶ್ವೆಂಡೆನರ್ ಹೀಗೆಂದಾಗ ಕಲ್ಲುಹೂವಿನ ಪಂಡಿತರೇ ತಿರುಗಿಬಿದ್ದರು. ಗಿಡದ ಎಲೆಯೂ ಇಂಥದೇ, ಇನ್ನೂ ಗಾಢವಾದ ಒಂದು ಕೂಡುಬಾಳ್ವೆ ಎಂದು ಒಪ್ಪಲು ವಿಜ್ಞಾನಕ್ಕೆ ಮತ್ತೆ ನೂರು ವರ್ಷ ಹಿಡಿಯಿತು.

ಎಲೆ ಹಸಿರಾಗಿ ಕಂಡರೂ ಅದರ ಕೋಶವೆಲ್ಲ ಹಸಿರಲ್ಲ. ಬಣ್ಣವಿರುವುದು ಕೋಶದೊಳಗಿನ ಕ್ಲೋರೊಪ್ಲಾಸ್ಟ್‌ಗಳಲ್ಲಿ. ಸಾಲಾಗಿಟ್ಟರೆ ಒಂದು ಮಿಲಿಮೀಟರಿನಲ್ಲಿ ನೂರಕ್ಕೂ ಹೆಚ್ಚು ಹಿಡಿಸುವಷ್ಟು ಸಣ್ಣವು ಅವು. 1880ರ ದಶಕದ ಆರಂಭದಲ್ಲಿ ಜರ್ಮನಿಯ ಥಿಯೊಡೋರ್ ಎಂಗಲ್ಮನ್, ಆಮ್ಲಜನಕ ಅರಸಿ ಹೋಗುವ ಬ್ಯಾಕ್ಟೀರಿಯಾಗಳನ್ನು ಎಳೆಪಾಚಿಯ ಜೊತೆ ಬಿಟ್ಟು, ಕಿರಿದಾದ ಬೆಳಕನ್ನು ಬೇರೆ ಬೇರೆ ಕಡೆ ಬೀಳಿಸಿ ನೋಡಿದರು. ಬೆಳಕು ಕ್ಲೋರೊಪ್ಲಾಸ್ಟಿನ ಮೇಲೆ ಬಿದ್ದ ಕಡೆ ಬ್ಯಾಕ್ಟೀರಿಯಾ ಮುತ್ತಿಕೊಂಡವು. ಆಮ್ಲಜನಕ ಹುಟ್ಟುವ ಜಾಗ ಹೀಗೆ ಸಿಕ್ಕಿತು. 1883ರಲ್ಲಿ ಆಂಡ್ರಿಯಾಸ್ ಶಿಂಪರ್ ಇನ್ನೊಂದು ಸಂಗತಿ ಗಮನಿಸಿದರು: ಕೋಶವು ಕ್ಲೋರೊಪ್ಲಾಸ್ಟನ್ನು ಹೊಸದಾಗಿ ಕಟ್ಟುವುದಿಲ್ಲ, ಇದ್ದದ್ದೇ ಒಡೆದು ಎರಡಾಗುತ್ತದೆ, ಸ್ವತಂತ್ರ ಜೀವಿಯ ಹಾಗೆ. ಇದು ಎರಡು ಜೀವಿಗಳ ಕೂಟವನ್ನು ನೆನಪಿಸುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಬರೆದು ಅವರು ಮುಂದೆ ಸಾಗಿದರು.

ಆ ಅಡಿಟಿಪ್ಪಣಿಯ ಮಾತನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದವರು ರಷ್ಯಾದ ಕಜಾನಿನ ಕಾನ್‌ಸ್ಟಾಂಟಿನ್ ಮೆರೆಷ್ಕೋವ್ಸ್ಕಿ. ಕಲ್ಲುಹೂವುಗಳನ್ನು ಬಲ್ಲವರಾಗಿದ್ದ ಅವರು 1905ರ ಪ್ರಬಂಧದಲ್ಲಿ, ಕ್ಲೋರೊಪ್ಲಾಸ್ಟ್ ಎಂದರೆ ಹಿಂದೊಮ್ಮೆ ಬಣ್ಣವಿಲ್ಲದ ಕೋಶವೊಂದರ ಒಳಹೊಕ್ಕು ಅಲ್ಲೇ ಉಳಿದ ನೀಲಿಹಸಿರು ಪಾಚಿ ಎಂದು ನೇರವಾಗಿ ವಾದಿಸಿದರು. ಇಂದು ನಾವು ಸಯನೋಬ್ಯಾಕ್ಟೀರಿಯಾ ಎನ್ನುವುದು ಅದನ್ನೇ. ತಾಳೆಮರ ಶಾಂತವಾಗಿ ನಿಂತಿರಲು, ಸಿಂಹ ಬೇಟೆಯಾಡಲು ಈ ಹಸಿರು ದುಡಿಮೆಗಾರರ ಇರುವಿಕೆ, ಇಲ್ಲದಿರುವಿಕೆಗಳೇ ಕಾರಣ ಎಂಬುದು ಅವರ ವಾದ. ಪುರಾವೆ ಮಾತ್ರ ಅವರ ಕೈಯಲ್ಲಿರಲಿಲ್ಲ. ಸಿದ್ಧಾಂತ ಮೂಲೆಗೆ ಸರಿಯಿತು.

ಅಷ್ಟರಲ್ಲಿ ಬೇರೆಯವರು ಕ್ಲೋರೊಪ್ಲಾಸ್ಟಿನೊಳಗೆ ನಡೆಯುವ ಕೆಲಸವನ್ನು ಬಿಡಿಸುತ್ತ ಹೋದರು. 1930ರ ದಶಕದ ಕೊನೆಗೆ ಕೇಂಬ್ರಿಡ್ಜಿನ ರಾಬಿನ್ ಹಿಲ್, ಎಲೆಯಿಂದ ಬೇರ್ಪಡಿಸಿದ ಕ್ಲೋರೊಪ್ಲಾಸ್ಟ್‌ಗಳು ಕಾರ್ಬನ್ ಡೈಆಕ್ಸೈಡ್ ಇಲ್ಲದೆಯೂ ಆಮ್ಲಜನಕ ಬಿಡುತ್ತವೆ ಎಂದು ತೋರಿಸಿದರು. 1941ರಲ್ಲಿ ಬರ್ಕ್ಲಿಯ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕವಿರುವ ನೀರು ಕೊಟ್ಟು, ನಾವು ಉಸಿರಾಡುವ ಆಮ್ಲಜನಕ ನೀರಿನಿಂದಲೇ ಬರುತ್ತದೆಂದು ಕಂಡರು.

ಕ್ಲೋರೊಪ್ಲಾಸ್ಟ್ ಎಂಬ ಎರಡು ಪೊರೆಗಳ ಚೀಲದೊಳಗೆ ಸ್ಟ್ರೋಮಾ ಎಂಬ ದ್ರವ, ಅದರೊಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳು, ಅವು ಒಂದರ ಮೇಲೊಂದು ಕೂತು ಆದ ಗ್ರಾನಾ. ಹಸಿರು ಬಣ್ಣ ಕೊಡುವ ಪತ್ರಹರಿತ್ತು ಇರುವುದು ಥೈಲಕಾಯ್ಡ್ ಪೊರೆಯಲ್ಲಿ. ಬೆಳಕು ತಾಗಿದಾಗ ಅದರಿಂದ ಎಲೆಕ್ಟ್ರಾನ್ ಹೊರಬೀಳುತ್ತದೆ. ಆ ಕೊರತೆ ತುಂಬಲು ನೀರು ಸೀಳುತ್ತದೆ. ಸೀಳುವ ಕೆಲಸ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳ ಗುಂಪಿನದು. ಎಲೆಕ್ಟ್ರಾನ್ ಕೈಯಿಂದ ಕೈಗೆ ಸಾಗುತ್ತಿದ್ದಂತೆ ಪ್ರೋಟಾನುಗಳು ಥೈಲಕಾಯ್ಡಿನ ಒಳಗೆ ತುಂಬಿಕೊಳ್ಳುತ್ತವೆ. ಏರಿಯ ಹಿಂದೆ ನಿಂತ ಕೆರೆಯ ನೀರಿಗೆ ತೂಬೊಂದೇ ದಾರಿಯಾಗುವ ಹಾಗೆ, ಅವು ಒಂದು ಪ್ರೋಟೀನಿನ ಮೂಲಕ ನುಗ್ಗಿ ಹೊರಬರಬೇಕು. ಆ ನುಗ್ಗಿನಲ್ಲಿ ತಿರುಗುವ ಪ್ರೋಟೀನು ಎಟಿಪಿ ಎಂಬ ಶಕ್ತಿಯ ಅಣುವನ್ನು ಕಟ್ಟುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಇದನ್ನು ಸೂಚಿಸಿದಾಗ ನಂಬಿದವರು ಕಡಿಮೆ. 1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಪಾಲಕ್ ಸೊಪ್ಪಿನ ಥೈಲಕಾಯ್ಡ್‌ಗಳನ್ನು ಕತ್ತಲಲ್ಲೇ, ಪ್ರೋಟಾನು ತುಂಬಿದ ಆಮ್ಲದಲ್ಲಿ ನೆನೆಸಿ, ತಟ್ಟನೆ ಕ್ಷಾರಕ್ಕೆ ಹಾಕಿದರು. ಒಂದು ಕಿರಣ ಬೆಳಕಿಲ್ಲದೆ ಎಟಿಪಿ ಹುಟ್ಟಿತು. ಜೀವರಸಾಯನದಲ್ಲಿ ಇದಕ್ಕಿಂತ ಸರಳವಾದ, ಚೆಲುವಾದ ಪ್ರಯೋಗ ನನಗೆ ಗೊತ್ತಿಲ್ಲ. ಈ ಶಕ್ತಿ ಬಳಸಿ ಸ್ಟ್ರೋಮಾದಲ್ಲಿ ಸಕ್ಕರೆ ಕಟ್ಟುವ ಸುತ್ತನ್ನು ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬಾಷಮ್ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಪತ್ತೆಮಾಡಿದರು.

ಇದೇ ಪತ್ರಹರಿತ್ತು, ಇದೇ ನೀರು ಸೀಳುವ ಪರಮಾಣು ಗುಂಪು, ಥೈಲಕಾಯ್ಡ್‌ಗಳು ಕೂಡ, ನೀಲಿಹಸಿರು ಪಾಚಿಯಲ್ಲಿವೆ. 1962ರಲ್ಲಿ ಹ್ಯಾನ್ಸ್ ರಿಸ್ ಮತ್ತು ವಾಲ್ಟರ್ ಪ್ಲಾಟ್ ಕ್ಲೋರೊಪ್ಲಾಸ್ಟಿನೊಳಗೆ ಡಿಎನ್‌ಎ ಕಂಡರು. 1967ರಲ್ಲಿ ಅಮೆರಿಕದ ಲಿನ್ ಮಾರ್ಗ್ಯುಲಿಸ್ ಹಳೆಯ ವಾದವನ್ನು ಹೊಸ ಪುರಾವೆಗಳೊಂದಿಗೆ ಮುಂದಿಟ್ಟರು. ಹತ್ತಕ್ಕೂ ಹೆಚ್ಚು ಪತ್ರಿಕೆಗಳು ತಿರಸ್ಕರಿಸಿದ ಲೇಖನ ಅದು. ಅವರ ಹಟವಿಲ್ಲದಿದ್ದರೆ ಈ ಕಥೆ ಇನ್ನಷ್ಟು ಕಾಲ ಧೂಳು ಹಿಡಿಯುತ್ತಿತ್ತು. 1975ರಲ್ಲಿ ಕೆನಡಾದ ಲಿಂಡಾ ಬೋನೆನ್ ಮತ್ತು ಫೋರ್ಡ್ ಡೂಲಿಟಲ್, ಕೆಂಪು ಪಾಚಿಯೊಂದರ ಕ್ಲೋರೊಪ್ಲಾಸ್ಟಿನ ಆರ್‌ಎನ್‌ಎ ಅದರದೇ ಕೋಶಕ್ಕಿಂತ ಬ್ಯಾಕ್ಟೀರಿಯಾಗಳಿಗೆ ಹತ್ತಿರವೆಂದು ತೋರಿಸಿದರು. ವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

1986ರಲ್ಲಿ ಜಪಾನಿನ ವಿಜ್ಞಾನಿಗಳು ತಂಬಾಕಿನ ಕ್ಲೋರೊಪ್ಲಾಸ್ಟಿನ ಡಿಎನ್‌ಎಯನ್ನು ಪೂರ್ತಿ ಓದಿದರು. ಸುಮಾರು 1,56,000 ಅಕ್ಷರ, ನೂರು ಚಿಲ್ಲರೆ ವಂಶವಾಹಿ. ಕ್ಲೋರೊಪ್ಲಾಸ್ಟಿಗೆ ಬೇಕಾದ ಪ್ರೋಟೀನುಗಳು ಸಾವಿರಾರು. ಉಳಿದ ವಂಶವಾಹಿಗಳಲ್ಲಿ ಎಷ್ಟೋ ಕಾಲಾಂತರದಲ್ಲಿ ಕೋಶದ ಬೀಜಕೇಂದ್ರಕ್ಕೆ ವಲಸೆ ಹೋಗಿವೆ. ಇಂಗಾಲ ಹಿಡಿಯುವ ರುಬಿಸ್ಕೊ ಎಂಬ ಪ್ರೋಟೀನನ್ನೇ ನೋಡಿ: ಅದರ ದೊಡ್ಡ ತುಂಡಿನ ವಂಶವಾಹಿ ಕ್ಲೋರೊಪ್ಲಾಸ್ಟಿನಲ್ಲಿ, ಸಣ್ಣ ತುಂಡಿನದು ಬೀಜಕೇಂದ್ರದಲ್ಲಿ. ಸಣ್ಣದು ಹೊರಗೆ ತಯಾರಾಗಿ ಎರಡು ಪೊರೆ ದಾಟಿ ಬಂದು ದೊಡ್ಡದಕ್ಕೆ ಕೂಡಿಕೊಂಡ ಮೇಲೇ ಕೆಲಸ ಶುರು. ನೂರು ಕೋಟಿ ವರ್ಷಕ್ಕೂ ಹಿಂದೆ ಒಳಬಂದ ಬ್ಯಾಕ್ಟೀರಿಯಾ ಇನ್ನು ಒಂಟಿಯಾಗಿ ಬದುಕಲಾರದು.

ಈ ಹಸಿರು ವಂಶದ ಒಂದು ಕವಲು ನಮ್ಮ ರಕ್ತಕ್ಕೂ ಬರುತ್ತದೆ. ಮಲೇರಿಯಾ ರೋಗಾಣುವಿನ ಪೂರ್ವಜ ಕೆಂಪು ಪಾಚಿಯೊಂದನ್ನು ನುಂಗಿತ್ತು. ಅದರ ಕ್ಲೋರೊಪ್ಲಾಸ್ಟಿನ ಅವಶೇಷ ನಾಲ್ಕು ಪೊರೆಗಳೊಳಗೆ, ಬಣ್ಣ ಕಳೆದುಕೊಂಡು ಇಂದಿಗೂ ಉಳಿದಿದೆ. ಬ್ಯಾಕ್ಟೀರಿಯಾದ ವಂಶದ್ದಾದ್ದರಿಂದ ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುವ ಡಾಕ್ಸಿಸೈಕ್ಲಿನ್ ಇದರ ಮೇಲೂ ಕೆಲಸ ಮಾಡುತ್ತದೆ, ಮಲೇರಿಯಾ ತಡೆಗೆ ಬಳಕೆಯಲ್ಲಿದೆ. ಬಿಸಿಲನ್ನೇ ಕಾಣದ ರೋಗಾಣು ಇದನ್ನು ಏಕೆ ಹೊತ್ತಿದೆ ಎಂಬುದು 2011ರಲ್ಲಿ ತಿಳಿಯಿತು. ಐಸೊಪ್ರೆನಾಯ್ಡ್‌ಗಳೆಂಬ ಅಣುಗಳನ್ನು ಕಟ್ಟಲು ಬೇಕಾದ ಮೂಲವಸ್ತುವನ್ನು ಹೊರಗಿನಿಂದ ಉಣಿಸಿದಾಗ, ಈ ಅವಶೇಷ ಪೂರ್ತಿ ನಾಶವಾದರೂ ರಕ್ತದಲ್ಲಿ ಬೆಳೆಯುವ ಹಂತದ ರೋಗಾಣು ಬದುಕಿತು. ಆ ವಸ್ತುವನ್ನು ನಮ್ಮ ಕೋಶಗಳು ಬೇರೆಯೇ ದಾರಿಯಲ್ಲಿ ತಯಾರಿಸುತ್ತವೆ. ಹಾಗಾಗಿ ಮಲೇರಿಯಾಕ್ಕೆ ಹೊಸ ಮದ್ದು ಹುಡುಕುವವರು ಈಗ ರೋಗಾಣುವಿಗೆ ಬ್ಯಾಕ್ಟೀರಿಯಾದಿಂದ ಬಂದ ದಾರಿಯ ಮೇಲೆ ಕಣ್ಣಿಟ್ಟಿದ್ದಾರೆ.