ಲೈಟಿಂಗ್ ಕನ್ಸೋಲ್‌ನ ಫಿಕ್ಸ್ಚರ್ ಪರದೆ

ಫಿಕ್ಸ್ಚರ್ ಪರದೆ ಎಂಬುದು ರಂಗಬೆಳಕನ್ನು ನಿಯಂತ್ರಿಸುವ ಗಣಕೀಕೃತ ಕನ್ಸೋಲ್‌ನಲ್ಲಿ, ಪ್ರತಿಯೊಂದು ದೀಪಕ್ಕೂ ಆ ಕ್ಷಣದಲ್ಲಿ ಯಾವ ಆದೇಶ ಹೋಗುತ್ತಿದೆ ಎಂಬುದನ್ನು ಅಂಕಿ, ಬಣ್ಣ ಮತ್ತು ಸಂಕೇತಗಳ ಮೂಲಕ ತೋರಿಸುವ ಪರದೆಯಾಗಿದೆ. ರಂಗಬೆಳಕಿನ ಪರಿಭಾಷೆಯಲ್ಲಿ ಫಿಕ್ಸ್ಚರ್ ಎಂದರೆ ದೀಪೋಪಕರಣ. ಅಮೆರಿಕದ ಇಟಿಸಿ ಸಂಸ್ಥೆಯ ಈಯೋಸ್ ಶ್ರೇಣಿಯ ಕನ್ಸೋಲ್‌ಗಳಲ್ಲಿ ಈ ಪರದೆಯನ್ನು ಚಾನೆಲ್ ಪರದೆ ಎಂದೂ, ಜರ್ಮನಿಯ ಎಂಎ ಲೈಟಿಂಗ್ ಸಂಸ್ಥೆಯ ಗ್ರ್ಯಾಂಡ್‌ಎಂಎ ಕನ್ಸೋಲ್‌ಗಳಲ್ಲಿ ಫಿಕ್ಸ್ಚರ್ ಶೀಟ್ ಎಂದೂ ಕರೆಯಲಾಗುತ್ತದೆ. ಹೆಸರು ಬೇರೆಯಾದರೂ ಉದ್ದೇಶ ಒಂದೇ: ಕತ್ತಲೆಯಲ್ಲಿ ಕುಳಿತ ನಿರ್ವಾಹಕನು ನೂರಾರು ದೀಪಗಳ ಸ್ಥಿತಿಯನ್ನು ಒಂದೇ ನೋಟದಲ್ಲಿ ತಿಳಿಯುವಂತಾಗಬೇಕು.

ಹಿನ್ನೆಲೆ

ಗಣಕಯಂತ್ರಗಳು ಬರುವ ಮೊದಲು ದೀಪದ ಪ್ರಖರತೆಯನ್ನು ಕೈಯಿಂದ ಸರಿಸುವ ಡಿಮ್ಮರ್‌ಗಳು ನಿಯಂತ್ರಿಸುತ್ತಿದ್ದವು. ಆಗ ಹಿಡಿಕೆಯ ಸ್ಥಾನವೇ ದೀಪದ ಸ್ಥಿತಿಯನ್ನು ಹೇಳುತ್ತಿತ್ತು. ಬೇರೆ ಪರದೆಯ ಅಗತ್ಯವಿರಲಿಲ್ಲ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ನಿರ್ವಾಹಕರು ಪ್ರತಿ ಬದಲಾವಣೆಯನ್ನೂ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಯಾವ ಹಿಡಿಕೆಯನ್ನು ಸರಿಸಬೇಕೋ ಅದನ್ನು ಮಾತ್ರ ಬರೆಯುವುದು ರೂಢಿಯಾಗಿತ್ತು. ಬರೆಯದೆ ಬಿಟ್ಟ ಹಿಡಿಕೆ ಇದ್ದಲ್ಲಿಯೇ ಇರುತ್ತದೆ ಎಂಬುದು ಅದರ ಅರ್ಥ.

1975ರಲ್ಲಿ ‘ಎ ಕೋರಸ್ ಲೈನ್’ ಸಂಗೀತ ನಾಟಕಕ್ಕಾಗಿ ಬೆಳಕು ವಿನ್ಯಾಸಕಿ ಥಾರನ್ ಮಸ್ಸರ್ ಅವರು ಎಲ್‌ಎಸ್-8 ಎಂಬ ಗಣಕೀಕೃತ ಕನ್ಸೋಲ್ ಬಳಸಿದರು. ಬ್ರಾಡ್‌ವೇಯಲ್ಲಿ ಇಂತಹ ಕನ್ಸೋಲ್ ಬಳಕೆಯಾದದ್ದು ಅದೇ ಮೊದಲು. ದೀಪದ ಮಟ್ಟಗಳು ಯಂತ್ರದ ನೆನಪಿನೊಳಗೆ ಸೇರಿದ ಮೇಲೆ ಅವು ಕಣ್ಣಿಗೆ ಕಾಣದಂತಾದವು. ಹೀಗೆ ಮರೆಯಾದುದನ್ನು ಮತ್ತೆ ಕಾಣಿಸುವ ಅಗತ್ಯದಿಂದ ಪರದೆಗಳು ಕನ್ಸೋಲ್‌ನ ಭಾಗವಾದವು.

1980ರ ದಶಕದಲ್ಲಿ ಬಣ್ಣ ಬದಲಿಸುವ, ತಾನಾಗಿ ತಿರುಗುವ ದೀಪಗಳು ಬಂದಾಗ ಪರದೆಯ ಹೊರೆ ಇನ್ನಷ್ಟು ಹೆಚ್ಚಿತು. ಸಾಮಾನ್ಯ ದೀಪಕ್ಕೆ ಪ್ರಖರತೆ ಎಂಬ ಒಂದೇ ಅಂಕಿ ಸಾಕು. ತಿರುಗುವ ದೀಪಕ್ಕಾದರೋ ಪ್ರಖರತೆ, ಅಡ್ಡ ಚಲನೆ (ಪ್ಯಾನ್), ಮೇಲುಕೆಳಗಿನ ಚಲನೆ (ಟಿಲ್ಟ್), ಬಣ್ಣಗಳು, ಕಿರಣದ ಅಗಲ, ಆಕೃತಿ ಮೂಡಿಸುವ ಗೋಬೋ ಮುಂತಾಗಿ ಹತ್ತಾರು ಗುಣಗಳಿರುತ್ತವೆ.

ಚಾನೆಲ್, ವಿಳಾಸ ಮತ್ತು ಪ್ಯಾಚ್

ಪರದೆಯನ್ನು ಓದುವ ಮುನ್ನ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ತಿಳಿಯಬೇಕು. ದೀಪಗಳಿಗೆ ಆದೇಶ ಸಾಗಿಸುವ ಡಿಎಂಎಕ್ಸ್ 512 ಎಂಬ ಮಾನಕವು 1986ರಲ್ಲಿ ರೂಪುಗೊಂಡಿತು. ಅದರ ಒಂದು ಸಾಲಿನಲ್ಲಿ 512 ವಿಳಾಸಗಳಿರುತ್ತವೆ. ಪ್ರತಿ ವಿಳಾಸಕ್ಕೂ 0ಯಿಂದ 255ರವರೆಗಿನ ಒಂದು ಅಂಕಿ ಹೋಗುತ್ತದೆ. ಇಂತಹ ಒಂದು ಸಾಲನ್ನು ಯೂನಿವರ್ಸ್ ಎನ್ನುತ್ತಾರೆ.

ವಿಳಾಸವು ಯಂತ್ರಕ್ಕೆ ಬೇಕಾದುದು. ಚಾನೆಲ್ ಸಂಖ್ಯೆಯು ಮನುಷ್ಯನಿಗೆ ಬೇಕಾದುದು. ಇಪ್ಪತ್ತು ವಿಳಾಸಗಳನ್ನು ಬಳಸುವ ತಿರುಗುವ ದೀಪವೂ ಪರದೆಯಲ್ಲಿ ಒಂದೇ ಚಾನೆಲ್ ಆಗಿ ಕಾಣುತ್ತದೆ. ಯಾವ ಚಾನೆಲ್‌ಗೆ ಯಾವ ವಿಳಾಸ ಎಂದು ಜೋಡಿಸುವ ಕೆಲಸಕ್ಕೆ ಪ್ಯಾಚ್ ಎಂದು ಹೆಸರು. ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಚಾನೆಲ್ ಅಥವಾ ಫಿಕ್ಸ್ಚರ್ ಸಂಖ್ಯೆಯೇ ಹೊರತು ವಿಳಾಸವಲ್ಲ.

ಪರದೆಯ ರೂಪಗಳು

ಈಯೋಸ್ ಕನ್ಸೋಲ್‌ನಲ್ಲಿ ಚಾನೆಲ್ ಪರದೆಗೆ ಎರಡು ಮುಖ್ಯ ರೂಪಗಳಿವೆ. ಮೊದಲನೆಯದು ಸಾರಾಂಶ ರೂಪ. ಇದರಲ್ಲಿ ಚಾನೆಲ್‌ಗಳು ಚೌಕುಳಿಯಂತೆ ಸಾಲುಗಟ್ಟಿ ನಿಂತಿರುತ್ತವೆ. ಪ್ರತಿ ಚೌಕದಲ್ಲಿ ಸಂಖ್ಯೆಯೂ ಪ್ರಖರತೆಯೂ ಎದ್ದು ಕಾಣುತ್ತವೆ. ಎರಡನೆಯದು ಕೋಷ್ಟಕ ರೂಪ. ಇದು ಶಾಲೆಯ ಹಾಜರಿ ಪುಸ್ತಕದಂತೆ: ಒಂದು ಸಾಲಿಗೆ ಒಂದು ಚಾನೆಲ್, ಒಂದು ಕಂಬಸಾಲಿಗೆ ಒಂದು ಗುಣ. ತಿರುಗುವ ದೀಪಗಳ ಎಲ್ಲ ಗುಣಗಳನ್ನು ಹೋಲಿಸಿ ನೋಡಲು ಕೋಷ್ಟಕವೂ, ಇಡೀ ರಂಗದ ಪ್ರಖರತೆಯನ್ನು ಒಮ್ಮೆಗೇ ಗ್ರಹಿಸಲು ಸಾರಾಂಶವೂ ಅನುಕೂಲ. ಕನ್ಸೋಲ್‌ನ ‘ಫಾರ್ಮ್ಯಾಟ್’ ಗುಂಡಿಯನ್ನು ಒತ್ತಿ ಒಂದು ರೂಪದಿಂದ ಮತ್ತೊಂದಕ್ಕೆ ಹೋಗಬಹುದು.

ಪರದೆ ಕೆಲಸ ಮಾಡುವ ಸ್ಥಿತಿಗಳೂ ಎರಡು. ಲೈವ್ ಸ್ಥಿತಿಯಲ್ಲಿ ಕಾಣುವುದು ರಂಗಕ್ಕೆ ಈಗ ಹೋಗುತ್ತಿರುವ ಬೆಳಕು. ಬ್ಲೈಂಡ್ ಸ್ಥಿತಿಯಲ್ಲಿ ಕಾಣುವುದು ನೆನಪಿನಲ್ಲಿರುವ ಬೇರೊಂದು ಕ್ಯೂ. ಅಲ್ಲಿ ಮಾಡಿದ ತಿದ್ದುಪಡಿ ಆ ಕ್ಷಣಕ್ಕೆ ರಂಗದ ಮೇಲೆ ಕಾಣದು. ಪ್ರದರ್ಶನ ನಡೆಯುತ್ತಿರುವಾಗಲೇ ಮುಂದಿನ ದೃಶ್ಯವನ್ನು ತಿದ್ದಲು ಬ್ಲೈಂಡ್ ನೆರವಾಗುತ್ತದೆ. ಆದರೆ ತಾನು ಯಾವ ಸ್ಥಿತಿಯಲ್ಲಿದ್ದೇನೆಂದು ನೋಡಿಕೊಳ್ಳದೆ ಅಂಕಿ ಒತ್ತಿದರೆ, ಗುಟ್ಟಾಗಿ ಆಗಬೇಕಾದ ಬದಲಾವಣೆ ಪ್ರೇಕ್ಷಕರ ಎದುರಿಗೇ ಆಗಿಬಿಡುತ್ತದೆ.

ಬಣ್ಣಗಳ ಅರ್ಥ

ಪರದೆಯ ಮೇಲಿನ ಬಣ್ಣವು ದೀಪದ ಬಣ್ಣವನ್ನು ಸೂಚಿಸುವುದಿಲ್ಲ. ಆ ಅಂಕಿ ಎಲ್ಲಿಂದ ಬಂತು ಎಂಬುದನ್ನು ಸೂಚಿಸುತ್ತದೆ. ಹೊಸದಾಗಿ ಕಲಿಯುವವರು ಮೊದಲು ಅರಿಯಬೇಕಾದ ಅಂಶವಿದು. ಈಯೋಸ್ ಕನ್ಸೋಲ್‌ನಲ್ಲಿ ಪ್ರಖರತೆಗೆ ಸಂಬಂಧಿಸಿದ ಮುಖ್ಯ ಬಣ್ಣಗಳು ಹೀಗಿವೆ:

• ಹೊಂಬಣ್ಣದ ಚಾನೆಲ್ ಸಂಖ್ಯೆ: ನಿರ್ವಾಹಕನು ಆ ಚಾನೆಲ್ಲನ್ನು ಆಯ್ದುಕೊಂಡಿದ್ದಾನೆ.
• ಕೆಂಪು ಅಂಕಿ: ಕೈಯಾರೆ ಕೊಟ್ಟ ಮೌಲ್ಯ, ಇನ್ನೂ ದಾಖಲಾಗಿಲ್ಲ.
• ನೀಲಿ ಅಂಕಿ: ಈ ಕ್ಯೂನಲ್ಲಿ ಪ್ರಖರತೆ ಹಿಂದಿನದಕ್ಕಿಂತ ಏರಿದೆ.
• ಹಸಿರು ಅಂಕಿ: ಪ್ರಖರತೆ ಹಿಂದಿನದಕ್ಕಿಂತ ಇಳಿದಿದೆ.
• ಮಜೆಂಟಾ ಅಂಕಿ: ಈ ಕ್ಯೂನಲ್ಲಿ ಆದೇಶವಿಲ್ಲ, ಹಿಂದಿನ ಕ್ಯೂನಿಂದ ಮುಂದುವರಿದು ಬಂದ ಮೌಲ್ಯ.
• ಬಿಳಿ ಅಂಕಿ: ಆದೇಶವಿದೆ, ಆದರೆ ಮೌಲ್ಯ ಹಿಂದಿನದೇ, ಅಂದರೆ ಮುಂದುವರಿಕೆಯನ್ನು ತಡೆದು ಗಟ್ಟಿಯಾಗಿ ದಾಖಲಿಸಿದ ಮೌಲ್ಯ.

ಬಣ್ಣಗಳ ಅರ್ಥ ಎಲ್ಲ ತಯಾರಕರಲ್ಲಿಯೂ ಒಂದೇ ಅಲ್ಲ. ಬೇರೆ ಕನ್ಸೋಲ್ ಮುಂದೆ ಕುಳಿತಾಗ ಅದರ ಕೈಪಿಡಿಯಲ್ಲಿರುವ ಬಣ್ಣಗಳ ಪಟ್ಟಿಯನ್ನು ನೋಡಿಕೊಳ್ಳುವುದು ಅವಶ್ಯ.

ಮುಂದುವರಿಕೆಯ ತತ್ತ್ವ ಮತ್ತು ಒಂದು ಉದಾಹರಣೆ

ಬದಲಾವಣೆಯನ್ನು ಮಾತ್ರ ಬರೆದಿಡುವ ಹಳೆಯ ಬ್ರಾಡ್‌ವೇ ರೂಢಿಯೇ ಇಂದಿನ ಕನ್ಸೋಲ್‌ಗಳಲ್ಲಿ ಟ್ರ್ಯಾಕಿಂಗ್ ಎಂಬ ಹೆಸರಿನಿಂದ ಉಳಿದಿದೆ. ದೀಪಕ್ಕೆ ಹೊಸ ಆದೇಶ ಬರುವವರೆಗೂ ಹಳೆಯ ಆದೇಶವೇ ಮುಂದಿನ ಕ್ಯೂಗಳಲ್ಲಿ ಮುಂದುವರಿಯುತ್ತದೆ.

ಚಾನೆಲ್ 5 ಎಂಬ ದೀಪವನ್ನು ಗಮನಿಸೋಣ. ಕ್ಯೂ 1ರಲ್ಲಿ ಅದು 40 ಪ್ರತಿಶತದಲ್ಲಿದೆ. ಕ್ಯೂ 2ರಲ್ಲಿ 70ಕ್ಕೆ ಏರುತ್ತದೆ, ಅಂಕಿ ನೀಲಿ. ಕ್ಯೂ 3ರಲ್ಲಿ ಅದಕ್ಕೆ ಆದೇಶವಿಲ್ಲ; 70 ಎಂಬುದೇ ಮಜೆಂಟಾ ಬಣ್ಣದಲ್ಲಿ ಕಾಣುತ್ತದೆ. ಕ್ಯೂ 4ರಲ್ಲಿ 30ಕ್ಕೆ ಇಳಿಯುತ್ತದೆ, ಅಂಕಿ ಹಸಿರು. ಈಗ ನಿರ್ದೇಶಕರು ಕ್ಯೂ 2ರ ಬೆಳಕು ಹೆಚ್ಚಾಯಿತೆಂದು 50ಕ್ಕೆ ಇಳಿಸಲು ಹೇಳಿದರೆ, ಕ್ಯೂ 3 ಕೂಡ ತಾನಾಗಿ 50 ಆಗುತ್ತದೆ. ಕ್ಯೂ 4ರಲ್ಲಿ ಸ್ವಂತ ಆದೇಶವಿರುವುದರಿಂದ ಅದು 30ರಲ್ಲಿಯೇ ಉಳಿಯುತ್ತದೆ. ಬದಲಾವಣೆ ಕ್ಯೂ 2ಕ್ಕೆ ಮಾತ್ರ ಸೀಮಿತವಾಗಬೇಕಾದರೆ ‘ಕ್ಯೂ ಓನ್ಲಿ’ ಎಂಬ ಆಯ್ಕೆಯೊಂದಿಗೆ ದಾಖಲಿಸಬೇಕು.

ಈ ತತ್ತ್ವದ ಅಪಾಯ ಕತ್ತಲ ದೃಶ್ಯದಲ್ಲಿ ಕಾಣುತ್ತದೆ. ಕ್ಯೂ 9 ಪೂರ್ಣ ಕತ್ತಲೆ ಎಂದಿಟ್ಟುಕೊಳ್ಳೋಣ. ಅದನ್ನು ದಾಖಲಿಸುವಾಗ ಚಾನೆಲ್ 12 ಹೊತ್ತಿರಲಿಲ್ಲ. ಆದ್ದರಿಂದ ಅದಕ್ಕೆ ಆರುವ ಆದೇಶವೂ ದಾಖಲಾಗಲಿಲ್ಲ. ಮುಂದಿನ ತಾಲೀಮಿನಲ್ಲಿ ಕ್ಯೂ 7ಕ್ಕೆ ಚಾನೆಲ್ 12ನ್ನು 60 ಪ್ರತಿಶತದಲ್ಲಿ ಸೇರಿಸಲಾಯಿತು. ಆ 60 ಕ್ಯೂ 8ನ್ನು ದಾಟಿ ಕ್ಯೂ 9ಕ್ಕೂ ಹರಿದುಬರುತ್ತದೆ. ಕತ್ತಲಾಗಬೇಕಾದ ಗಳಿಗೆಯಲ್ಲಿ ಒಂದು ದೀಪ ಉರಿಯುತ್ತಲೇ ಇರುತ್ತದೆ. ಸತ್ತಂತೆ ಬಿದ್ದ ಪಾತ್ರಧಾರಿ ಎದ್ದು ಹೋಗುವುದು ಪ್ರೇಕ್ಷಕರಿಗೆ ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾದ ತಪ್ಪು ಇನ್ನೂ ಗಂಭೀರ. ಮೆಟ್ಟಿಲ ಮೇಲಿನ ದೀಪವನ್ನು ಹಿಂದಿನ ಕ್ಯೂನಲ್ಲಿ ಯಾರೋ ಆರಿಸಿದರೆ, ಆ ಸೊನ್ನೆಯೂ ಹಾಗೆಯೇ ಮುಂದುವರಿದು ನಟರು ಇಳಿಯುವ ಹೊತ್ತಿಗೆ ಮೆಟ್ಟಿಲು ಕತ್ತಲಾಗಿರುತ್ತದೆ.

ಮೊದಲ ತಪ್ಪನ್ನು ಪರದೆ ಮೊದಲೇ ತಿಳಿಸುತ್ತದೆ: ಬ್ಲೈಂಡ್ ಸ್ಥಿತಿಯಲ್ಲಿ ಕ್ಯೂ 9ನ್ನು ತೆರೆದರೆ ಸೊನ್ನೆಗಳ ನಡುವೆ ಮಜೆಂಟಾ ಬಣ್ಣದ 60 ಎದ್ದು ಕಾಣುತ್ತದೆ. ಪರಿಹಾರವೆಂದರೆ ಕತ್ತಲ ಕ್ಯೂಗಳನ್ನೂ ಅಂಕದ ಮೊದಲ ಕ್ಯೂಗಳನ್ನೂ ‘ಬ್ಲಾಕ್’ ಮಾಡುವುದು. ಆಗ ಪ್ರತಿ ಚಾನೆಲ್‌ಗೂ ಸ್ವಂತ ಆದೇಶ ದಾಖಲಾಗಿ, ಹಿಂದಿನ ತಿದ್ದುಪಡಿಗಳು ಅಲ್ಲಿಗೆ ನಿಲ್ಲುತ್ತವೆ.

ಅಂಕಿಗಳನ್ನು ಓದುವುದು

ಪ್ರಖರತೆಯನ್ನು ಸಾಮಾನ್ಯವಾಗಿ ಪ್ರತಿಶತದಲ್ಲಿ ತೋರಿಸಲಾಗುತ್ತದೆ. ಅದೇ ಮೌಲ್ಯವನ್ನು 0–255ರ ದಶಮಾನ ಅಂಕಿಯಾಗಿಯೂ ಹದಿನಾರರ ಮಾನದ ಅಂಕಿಯಾಗಿಯೂ ತೋರಿಸಲು ಹಲವು ಕನ್ಸೋಲ್‌ಗಳಲ್ಲಿ ಅವಕಾಶವಿದೆ. ವಿನ್ಯಾಸದ ಕೆಲಸಕ್ಕೆ ಪ್ರತಿಶತ ಸುಲಭ; ದೀಪವೊಂದು ಸರಿಯಾಗಿ ಸ್ಪಂದಿಸದಿದ್ದಾಗ ಕಾರಣ ಹುಡುಕಲು ನಿಜವಾಗಿ ಹೋಗುತ್ತಿರುವ ಅಂಕಿಯೇ ಬೇಕು.

ಚಲನೆಯ ವಿಷಯದಲ್ಲಿ 256 ಹಂತಗಳು ಸಾಲವು. 540 ಡಿಗ್ರಿ ತಿರುಗುವ ದೀಪದಲ್ಲಿ ಒಂದು ಹಂತವೆಂದರೆ ಎರಡು ಡಿಗ್ರಿಗೂ ಹೆಚ್ಚು. ಹತ್ತು ಮೀಟರ್ ದೂರದಲ್ಲಿ ಬೆಳಕು ಸುಮಾರು 37 ಸೆಂಟಿಮೀಟರ್ ಜಿಗಿಯುತ್ತದೆ. ಆದಕಾರಣ ಚಲನೆಗೆ ಎರಡು ವಿಳಾಸಗಳನ್ನು ಕೂಡಿಸಿ 65,536 ಹಂತಗಳನ್ನು ಪಡೆಯುತ್ತಾರೆ. ಆಗ ಅದೇ ದೂರದಲ್ಲಿ ಒಂದು ಹಂತವು ಒಂದೂವರೆ ಮಿಲಿಮೀಟರ್‌ಗಿಂತ ಕಡಿಮೆ. ಪರದೆ ಈ ಎರಡನ್ನೂ ಸೇರಿಸಿ ಒಂದೇ ಮೌಲ್ಯವಾಗಿ ತೋರಿಸುತ್ತದೆ.

ಎಷ್ಟೋ ವೇಳೆ ಅಂಕಿಯ ಬದಲು ಹೆಸರು ಕಾಣುತ್ತದೆ. ‘ಸಿಂಹಾಸನ’ ಎಂಬ ಹೆಸರಿನಲ್ಲಿ ಚಲನೆಯ ಮೌಲ್ಯಗಳನ್ನು ಒಮ್ಮೆ ಉಳಿಸಿ, ಅದನ್ನೇ ಎಲ್ಲ ಕ್ಯೂಗಳಲ್ಲಿ ಬಳಸಿದರೆ, ಸಿಂಹಾಸನವನ್ನು ಒಂದು ಅಡಿ ಸರಿಸಿದ ದಿನ ಒಂದೆಡೆ ತಿದ್ದಿದರೆ ಸಾಕು. ಈಯೋಸ್‌ನಲ್ಲಿ ‘ಡೇಟಾ’ ಗುಂಡಿಯನ್ನು ಒತ್ತಿ ಹಿಡಿದರೆ ಹೆಸರಿನ ಹಿಂದಿರುವ ಅಂಕಿ ಕಾಣುತ್ತದೆ. ‘ಟೈಮ್’ ಗುಂಡಿಯನ್ನು ಹಿಡಿದರೆ ಆ ಗುಣಕ್ಕೆ ಪ್ರತ್ಯೇಕವಾಗಿ ಕೊಟ್ಟ ಸಮಯ ಕಾಣುತ್ತದೆ.

ಪರದೆಯನ್ನು ಹೊಂದಿಸಿಕೊಳ್ಳುವುದು

ಎಲ್ಲವನ್ನೂ ತೋರಿಸುವ ಪರದೆಯಲ್ಲಿ ಬೇಕಾದುದು ಬೇಗ ಕಾಣುವುದಿಲ್ಲ. ಆದ್ದರಿಂದ ಹೊಂದಾಣಿಕೆಯ ಬಹುಪಾಲು ಕೆಲಸ ಬೇಡವಾದುದನ್ನು ಮರೆಮಾಡುವುದೇ ಆಗಿದೆ.

ಮೊದಲನೆಯದು ಸಾಲುಗಳ ಆಯ್ಕೆ. ಈಯೋಸ್‌ನ ‘ಫ್ಲೆಕ್ಸಿಚಾನೆಲ್’ ಸೌಲಭ್ಯದಿಂದ ಎಲ್ಲ ಚಾನೆಲ್‌ಗಳು, ಪ್ಯಾಚ್ ಆದವು, ಪ್ರದರ್ಶನದಲ್ಲಿ ಬಳಕೆಯಾದವು, ಸದ್ಯ ಉರಿಯುತ್ತಿರುವವು ಎಂದು ಬಗೆಬಗೆಯಾಗಿ ಆಯ್ದು ನೋಡಬಹುದು. ಎರಡನೆಯದು ಕಂಬಸಾಲುಗಳ ಆಯ್ಕೆ. ಬಣ್ಣದ ಕೆಲಸ ಮಾಡುವಾಗ ಚಲನೆಯ ಕಂಬಸಾಲುಗಳನ್ನು ತಾತ್ಕಾಲಿಕವಾಗಿ ಮುಚ್ಚಬಹುದು. ಮೂರನೆಯದು ಗಾತ್ರ. ದೊಡ್ಡ ಅಕ್ಷರದಲ್ಲಿ ಕಡಿಮೆ ಚಾನೆಲ್, ಸಣ್ಣ ಅಕ್ಷರದಲ್ಲಿ ಹೆಚ್ಚು ಚಾನೆಲ್. ವಿನ್ಯಾಸಕರು ದೂರದ ಮೇಜಿನಿಂದ ನೋಡುವ ಪರದೆಗೆ ದೊಡ್ಡ ಅಕ್ಷರವೇ ಹಿತ. ಹೀಗೆ ಹೊಂದಿಸಿದ ಪರದೆಯನ್ನು ‘ಸ್ನ್ಯಾಪ್‌ಶಾಟ್’ ಆಗಿ ಉಳಿಸಿಕೊಂಡು ಒಂದೇ ಗುಂಡಿಯಿಂದ ಮರಳಿ ಪಡೆಯಬಹುದು.

ಗ್ರ್ಯಾಂಡ್‌ಎಂಎಯ ಫಿಕ್ಸ್ಚರ್ ಶೀಟ್‌ನಲ್ಲಿ ಪದರ ಎಂಬ ಕಲ್ಪನೆಯಿದೆ. ಅದೇ ಕೋಷ್ಟಕದಲ್ಲಿ ಮೌಲ್ಯ, ಬದಲಾವಣೆಗೆ ಹಿಡಿಯುವ ಸಮಯ, ಆರಂಭದ ವಿಳಂಬ ಇವುಗಳನ್ನು ಪದರ ಬದಲಿಸಿ ನೋಡಬಹುದು. ಒಂದೇ ಶೀಟ್‌ನ ಹಲವು ಪ್ರತಿಗಳನ್ನು ಬೇರೆ ಬೇರೆ ಪರದೆಗಳಲ್ಲಿ, ಬೇರೆ ಬೇರೆ ಹೊಂದಿಕೆಯೊಂದಿಗೆ ತೆರೆದಿಡುವ ಸೌಲಭ್ಯವೂ ಇದೆ.

ಕೋಷ್ಟಕವನ್ನೇ ಬಿಟ್ಟು, ರಂಗದ ನಕ್ಷೆಯ ಮೇಲೆ ದೀಪಗಳನ್ನು ಅವುಗಳ ಸ್ಥಾನದಲ್ಲಿಯೇ ಚಿತ್ರಿಸಿಕೊಳ್ಳುವುದು ಇನ್ನೊಂದು ವಿಧಾನ. ಬೆಳಕು ವಿನ್ಯಾಸಕರು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ ‘ಮ್ಯಾಜಿಕ್ ಶೀಟ್’ ಎಂಬ ಟಿಪ್ಪಣಿಹಾಳೆಯ ಹೆಸರನ್ನೇ ಈಯೋಸ್ ಇದಕ್ಕೆ ಇಟ್ಟಿದೆ. ಚಾನೆಲ್ ಸಂಖ್ಯೆಗಳನ್ನು ಕ್ರಮಬದ್ಧವಾಗಿ ಕೊಡುವುದೂ ಹೊಂದಾಣಿಕೆಯ ಭಾಗವೇ. ಮುಂಭಾಗದ ದೀಪಗಳಿಗೆ 1ರಿಂದ, ಹಿಂಭಾಗದವಕ್ಕೆ 101ರಿಂದ ಸಂಖ್ಯೆ ಕೊಟ್ಟರೆ ಪರದೆಯ ಅರ್ಧ ಓದು ಮುಗಿದಂತೆ.

ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ಕಾಣಲಾರದ ನಿರ್ವಾಹಕರಿಗೆ ಬಣ್ಣದ ಸಂಕೇತಗಳು ತೊಡಕಾಗುತ್ತವೆ. ಅಂಥವರು ಬಣ್ಣವನ್ನಷ್ಟೇ ನೆಚ್ಚದೆ, ಹಿಂದಿನ ಕ್ಯೂನ ಅಂಕಿಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಮಿತಿಗಳು

ಪರದೆ ಹೇಳುವುದು ಕನ್ಸೋಲ್ ಏನನ್ನು ಆದೇಶಿಸಿದೆ ಎಂಬುದನ್ನು ಮಾತ್ರ. ದೀಪ ಅದನ್ನು ಪಾಲಿಸಿತೇ ಎಂಬುದನ್ನಲ್ಲ. ಡಿಎಂಎಕ್ಸ್ 512 ಏಕಮುಖ ವ್ಯವಸ್ಥೆ. ಆದೇಶ ಹೋಗುತ್ತದೆ, ಉತ್ತರ ಬರುವುದಿಲ್ಲ. ಬಲ್ಬು ಸುಟ್ಟಿದ್ದರೂ, ತಂತಿ ಕಳಚಿದ್ದರೂ ಪರದೆಯಲ್ಲಿ 100 ಪ್ರತಿಶತ ಎಂದೇ ಇರುತ್ತದೆ. ದೀಪದಿಂದ ಉತ್ತರ ಪಡೆಯುವ ಆರ್‌ಡಿಎಂ ಎಂಬ ಮಾನಕ 2006ರಲ್ಲಿ ಬಂದಿತು. ಆದರೆ ಅದಕ್ಕೆ ದೀಪ, ಕನ್ಸೋಲ್ ಮತ್ತು ನಡುವಣ ಉಪಕರಣಗಳೆಲ್ಲವೂ ಹೊಂದಿಕೊಳ್ಳುವಂತಿರಬೇಕು.

ಈ ಕಾರಣದಿಂದಲೇ ಪ್ರತಿ ಪ್ರದರ್ಶನಕ್ಕೂ ಮುನ್ನ ಚಾನೆಲ್‌ಗಳನ್ನು ಒಂದೊಂದಾಗಿ ಹೊತ್ತಿಸಿ, ರಂಗದ ಮೇಲೆ ಕಣ್ಣಿಟ್ಟು ಪರಿಶೀಲಿಸುವ ಪದ್ಧತಿ ಇಂದಿಗೂ ಉಳಿದಿದೆ.