ಗೋಡೆ ಮುಚ್ಚುವ ಮುನ್ನ: ಅಮೆರಿಕದ ಮನೆಗಳಲ್ಲಿ ಗ್ಯಾಸ್ ಕೊಳವೆಯ ನಿಯಮಗಳು

ವರ್ಜೀನಿಯಾದಲ್ಲಿ ನಾವು ಕೊಂಡ ಮನೆಯಲ್ಲಿ ಇದ್ದುದು ವಿದ್ಯುತ್ ಒಲೆ. ಫುಲ್ಕ ಉಬ್ಬಿಸಲು, ಬದನೆಕಾಯಿ ಸುಡಲು ಉರಿಯೇ ಬೇಕೆಂಬುದು ನಮ್ಮ ಮನೆಯ ಹಳೆಯ ಬೇಡಿಕೆ. ನೆಲಮಾಳಿಗೆಯ ಫರ್ನೇಸಿಗೆ ಹೇಗೂ ಗ್ಯಾಸ್ ಬರುತ್ತಿತ್ತು. ಅಲ್ಲಿಂದ ಒಂದು ಕವಲು ತೆಗೆದು ಮೇಲಕ್ಕೆ ತಂದರಾಯಿತು ಎಂದು ಎಣಿಸಿದ್ದೆ. ಕೆಲಸ ಒಪ್ಪಿಕೊಂಡವನೂ "ಅರ್ಧ ದಿನದ ಕೆಲಸ, ಇದಕ್ಕೆಲ್ಲ ಪರ್ಮಿಟ್ ಏಕೆ?" ಎಂದ. ಪರ್ಮಿಟ್ ಇಲ್ಲದೆ ಗೋಡೆ ಮುಟ್ಟಕೂಡದೆಂದು ಪಟ್ಟು ಹಿಡಿದವಳು ನನ್ನಾಕೆ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಟ್ಟಡ ಕಾನೂನಿಲ್ಲ. ಇಂಟರ್‌ನ್ಯಾಷನಲ್ ಫ್ಯೂಯಲ್ ಗ್ಯಾಸ್ ಕೋಡ್, ಎನ್‌ಎಫ್‌ಪಿಎ 54, ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಇವು ಮಾದರಿ ಸಂಹಿತೆಗಳು. ರಾಜ್ಯಗಳು ತಮ್ಮ ತಿದ್ದುಪಡಿಗಳೊಡನೆ ಇವನ್ನು ಅಂಗೀಕರಿಸುತ್ತವೆ. ಜಾರಿಗೊಳಿಸುವುದು ಸಾಮಾನ್ಯವಾಗಿ ಕೌಂಟಿ ಅಥವಾ ನಗರ. ಮೆಸಾಚುಸೆಟ್ಸ್‌ನಲ್ಲಿ ಪರವಾನಗಿ ಪಡೆದ ಪ್ಲಂಬರ್ ಅಥವಾ ಗ್ಯಾಸ್ ಫಿಟರ್ ಹೊರತು ಮನೆಯ ಮಾಲೀಕನೂ ಗ್ಯಾಸ್ ಕೊಳವೆಗೆ ಕೈ ಹಚ್ಚುವಂತಿಲ್ಲ. ಬೇರೆ ಹಲವೆಡೆ ಮಾಲೀಕನೇ ಪರ್ಮಿಟ್ ಪಡೆದು, ತಾನೇ ಕೆಲಸ ಮಾಡಿ, ತಪಾಸಣೆಗೆ ಒಪ್ಪಿಸಬಹುದು. ಆದುದರಿಂದ ಬೇರೊಂದು ರಾಜ್ಯದ ಸ್ನೇಹಿತರ ಅನುಭವವನ್ನು ನೆಚ್ಚುವಂತಿಲ್ಲ.

ಊರಿನ ಸಿಲಿಂಡರ್ ನಮಗೆ ಕಲಿಸಿದ ಎಚ್ಚರವೂ ಇಲ್ಲಿ ಅರ್ಧವಷ್ಟೇ ಉಪಯುಕ್ತ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಹರಡುತ್ತದೆ. ಇಲ್ಲಿನ ನಗರಗಳ ಕೊಳವೆಗಳಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಅದು ಹಗುರವಾದುದರಿಂದ ಮೇಲಕ್ಕೇರುತ್ತದೆ. ಸಿಲಿಂಡರ್ ಒಂದು ದಿನ ಬರಿದಾಗುತ್ತದೆ, ಕೊಳವೆ ಬರಿದಾಗುವುದಿಲ್ಲ.

ಮೊದಲ ಪ್ರಶ್ನೆ ಕೊಳವೆಯ ಗಾತ್ರ. ಒಂದು ಘನ ಅಡಿ ಅನಿಲದಲ್ಲಿ ಸುಮಾರು 1,000 ಬಿಟಿಯು ಶಾಖವಿದೆ. ಸಾಮಾನ್ಯ ಒತ್ತಡದಲ್ಲಿ ಅರ್ಧ ಇಂಚಿನ ಉಕ್ಕಿನ ಕೊಳವೆ 10 ಅಡಿ ದೂರಕ್ಕೆ ಗಂಟೆಗೆ ಸುಮಾರು 1,70,000 ಬಿಟಿಯು ಒಯ್ದರೆ, 50 ಅಡಿ ದೂರಕ್ಕೆ ಒಯ್ಯುವುದು ಸುಮಾರು 70,000 ಮಾತ್ರ. ನಮ್ಮ ಹೊಸ ಒಲೆಯೊಂದಕ್ಕೇ 65,000 ಬೇಕಿತ್ತು. ಮೀಟರಿನಿಂದ ಅತಿ ದೂರದ ಉಪಕರಣದವರೆಗಿನ ಉದ್ದವನ್ನು ಅಳೆದು, ಎಲ್ಲ ಉಪಕರಣಗಳ ಬೇಡಿಕೆಯನ್ನು ಕೂಡಿಸಿ ಲೆಕ್ಕ ಹಾಕಬೇಕೆಂಬ ನಿಯಮ ಇದಕ್ಕಾಗಿ. ಹಾಗೆ ಮಾಡದೆ ಕವಲೊಡೆದರೆ, ಚಳಿಯ ರಾತ್ರಿ ಎಲ್ಲವೂ ಒಟ್ಟಿಗೆ ಉರಿಯುವಾಗ ಒತ್ತಡ ಕುಸಿದು ಉಪಕರಣಗಳ ಉರಿ ಕೆಡುತ್ತದೆ. ಸರಿಯಾಗಿ ಉರಿಯದ ಕಡೆ ಕಾರ್ಬನ್ ಮಾನಾಕ್ಸೈಡ್ ಹುಟ್ಟಬಹುದು. ನಮ್ಮ ಮನೆಯಲ್ಲಿ ಫರ್ನೇಸಿನ ಕವಲನ್ನು ಬಿಟ್ಟು, ಮೀಟರಿನ ಬಳಿಯಿಂದಲೇ ಮುಕ್ಕಾಲು ಇಂಚಿನ ಹೊಸ ಸಾಲು ಎಳೆಯಬೇಕಾಯಿತು.

ಇನ್ನು ಒತ್ತಡದ ಪರೀಕ್ಷೆ. ಇಂಟರ್‌ನ್ಯಾಷನಲ್ ಕೋಡಿನ ಪ್ರಕಾರ ಕೆಲಸದ ಒತ್ತಡದ ಒಂದೂವರೆ ಪಟ್ಟು, ಆದರೆ ಚದರ ಇಂಚಿಗೆ 3 ಪೌಂಡಿಗೆ ಕಡಿಮೆಯಾಗದಂತೆ ಗಾಳಿ ತುಂಬಿ, ಒಂಟಿ ಮನೆಯಾದರೆ ಕನಿಷ್ಠ 10 ನಿಮಿಷ ಕಾಯಬೇಕು. ಕ್ಯಾಲಿಫೋರ್ನಿಯಾದಲ್ಲಿ 10 ಪೌಂಡ್, 15 ನಿಮಿಷ. ಗಾಳಿಯ ಬದಲು ಸಾರಜನಕದಂಥ ಅನಿಲ ತುಂಬಬಹುದು. ಆಮ್ಲಜನಕ ಮಾತ್ರ ನಿಷಿದ್ಧ. ಮನೆಯೊಳಗಿನ ಸಾಮಾನ್ಯ ಒತ್ತಡ ಸುಮಾರು ಕಾಲು ಪೌಂಡ್ ಆದುದರಿಂದ 3 ಪೌಂಡ್ ಎಂದರೆ ಹನ್ನೆರಡು ಪಟ್ಟು. ಮಾಪಕವೂ ತಕ್ಕದ್ದಿರಬೇಕು, 100 ಪೌಂಡಿನ ಮಾಪಕದಲ್ಲಿ ಅರ್ಧ ಪೌಂಡಿನ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ.

ತಪಾಸಣಾಧಿಕಾರಿ ಬಂದ ದಿನ ನಮ್ಮ ಮಾಪಕದ ಮುಳ್ಳು ನಿಲ್ಲಲಿಲ್ಲ. ಹತ್ತು ನಿಮಿಷದಲ್ಲಿ ಒಂದು ಪೌಂಡಿನಷ್ಟು ಇಳಿಯಿತು. ಸೋಪಿನ ನೀರು ಸವರುತ್ತ ಹೋದಾಗ ಅಡುಗೆಮನೆಯ ಗೋಡೆಯೊಳಗೆ ಒಂದು ಯೂನಿಯನ್ ಕೀಲಿನಲ್ಲಿ ಗುಳ್ಳೆಗಳೆದ್ದವು. ಯೂನಿಯನ್ ಎಂಬುದು ಬಿಚ್ಚಿ ಜೋಡಿಸಬಹುದಾದ ಕೀಲು. ಕ್ರಮೇಣ ಸಡಿಲಗೊಳ್ಳಬಹುದೆಂಬ ಕಾರಣದಿಂದಲೇ ಮುಚ್ಚಿದ ಗೋಡೆಯೊಳಗೆ ಅದನ್ನು ಇಡಕೂಡದು. ಅಂದು ಸಂಜೆಯೇ ಡ್ರೈವಾಲ್ ಹೊಡೆಯುವ ಏರ್ಪಾಡಾಗಿತ್ತು. ಆ ಗೋಡೆಯ ನೇರ ಮೇಲೆ ಮಗಳು ಮಲಗುವ ಕೋಣೆ. ಕೆಲಸದವನು ಮಾತಾಡದೆ ಆ ಭಾಗವನ್ನು ಕತ್ತರಿಸಿ ತೆಗೆದ.

ಹಳದಿ ಹೊದಿಕೆಯ, ಬಾಗುವ ಸ್ಟೀಲ್ ಕೊಳವೆಯಿದ್ದರೆ (ಸಿಎಸ್‌ಎಸ್‌ಟಿ ಎನ್ನುತ್ತಾರೆ) ಇನ್ನೊಂದು ಎಚ್ಚರ ಬೇಕು. ಅದರ ಗೋಡೆ ತೀರ ತೆಳು. ಹತ್ತಿರದಲ್ಲಿ ಸಿಡಿಲು ಬಡಿದರೂ ಅದಕ್ಕೆ ರಂಧ್ರ ಬೀಳಬಹುದು. ಆದಕಾರಣ ಸಾಮಾನ್ಯವಾಗಿ ಅದನ್ನು 6 ಎಡಬ್ಲ್ಯುಜಿ ತಾಮ್ರದ ತಂತಿಯಿಂದ ಮನೆಯ ಭೂಸಂಪರ್ಕ ವ್ಯವಸ್ಥೆಗೆ ಜೋಡಿಸಬೇಕು. ಹಳೆಯ ಮನೆ ಕೊಂಡವರು ನೆಲಮಾಳಿಗೆಯಲ್ಲಿ ಈ ತಂತಿ ಇದೆಯೇ ಎಂದು ಒಮ್ಮೆ ನೋಡುವುದು ಒಳಿತು. ಒಲೆಗೆ ಜೋಡಿಸುವ ಬಾಗುವ ಕನೆಕ್ಟರನ್ನು ಒಲೆ ಬದಲಿಸಿದಾಗ ಮತ್ತೆ ಬಳಸಬಾರದು. ಅದನ್ನು ಗೋಡೆ ಅಥವಾ ನೆಲದ ಮೂಲಕ ಹಾಯಿಸುವಂತೆಯೂ ಇಲ್ಲ. ಪ್ರತಿ ಉಪಕರಣಕ್ಕೂ ಅದರದೇ ಮುಚ್ಚುಕವಾಟ ಇರಬೇಕು, ಸಾಮಾನ್ಯವಾಗಿ 6 ಅಡಿಯೊಳಗೆ, ಕೈಗೆಟುಕುವಂತೆ.

ಗ್ಯಾಸಿನ ವಾಸನೆ ಅನಿಲದ ಸಹಜ ಗುಣವಲ್ಲ. 1937ರಲ್ಲಿ ಟೆಕ್ಸಸ್ಸಿನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಸ್ಫೋಟಗೊಂಡು ಸುಮಾರು 300 ಮಂದಿ, ಹೆಚ್ಚಾಗಿ ಮಕ್ಕಳು, ಸತ್ತ ಮೇಲೆ ವಾಸನೆ ಬೆರೆಸುವುದು ಕಡ್ಡಾಯವಾಗತೊಡಗಿತು. ಆ ವಾಸನೆ ಬಂದರೆ ದೀಪದ ಸ್ವಿಚ್ಚು ಮುಟ್ಟದೆ ಎಲ್ಲರೂ ಹೊರಗೆ ನಡೆಯಬೇಕು. 911ಕ್ಕೆ ಕರೆ ಮಾಡುವುದು ಮನೆಯಿಂದ ದೂರ ಹೋದ ಮೇಲೆ.

ನಮ್ಮ ಎರಡನೆಯ ಪರೀಕ್ಷೆ ನಾಲ್ಕು ದಿನಗಳ ನಂತರ ನಡೆಯಿತು. ಮುಳ್ಳು ಅಲುಗಲಿಲ್ಲ. ಅಧಿಕಾರಿ ಸಹಿ ಹಾಕಿದ ಮೇಲೆಯೇ ಗೋಡೆ ಮುಚ್ಚಿದೆವು.